ಮುರುಕು ಫ್ರೆಂಚ್ ಎಂದವರ ನಡುವೆ ಕ್ರಿಯೋಲ್ ಮೇಷ್ಟ್ರು

ತುಮಕೂರಿನಲ್ಲಿ ಫ್ರೆಂಚ್ ಕಲಿತವರಲ್ಲಿ ಹೆಚ್ಚಿನವರು ಪ್ರೊ. ಯೋಗನರಸಿಂಹ ಅವರ ಶಿಷ್ಯರೇ. ಆದರೆ ಪೂಜ್ಯರನ್ನು ಬರಿಯ ಫ್ರೆಂಚ್ ಪ್ರಾಧ್ಯಾಪಕರೆಂದು ಹೊಗಳಿ ಕೈತೊಳೆದುಕೊಳ್ಳುವುದು ಅವರಿಗೆ ಮಾಡುವ ಅವಮಾನ. ಮಾರಿಷಸ್, ಸೇಶೆಲ್ಸ್, ಹೈಟಿಗಳ ಜನ ಆಡುವ ಕ್ರಿಯೋಲ್ ಭಾಷೆಗಳನ್ನು ನಮ್ಮ ಮಕ್ಕಳಿಗೆ ಅಕ್ಕರೆಯಿಂದ ಕಲಿಸಿದವರು ಅವರು. "ಆ ಕ್ರಿಯೋಲ್ ವಿಚಾರ ಒಂದು ಬಿಟ್ಟು ಬರೀರಿ ಮೇಡಂ" ಎಂದು, ಅವರ ನಿವೃತ್ತಿಗೆ ಈ ಗ್ರಂಥ ತರುತ್ತಿರುವ ಅಭಿನಂದನ ಸಮಿತಿಯವರು ನನಗೆ ಫೋನು ಮಾಡಿದ್ದರು. ಬಿಡುವುದಿಲ್ಲ.

ಗುಬ್ಬಿಯಲ್ಲಿ ಹುಟ್ಟಿದ ಗುರುಗಳು ಎಳೆಯ ವಯಸ್ಸಿನಲ್ಲಿ ಮಾರಿಷಸ್ಸಿಗೆ ಪಾಠ ಹೇಳಲು ಹೋದರು. ಫ್ರೆಂಚ್ ದೊರೆಗಳು ಹಿಡಿದು ತಂದು ಕಬ್ಬಿನ ತೋಟಗಳಲ್ಲಿ ದುಡಿಸಿದ ಆಫ್ರಿಕಾದ ಜನ, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದ ಆ ನರಕದಲ್ಲಿ, ದೊರೆಗಳ ಪದಗಳನ್ನೇ ಎತ್ತಿಕೊಂಡು ತಮ್ಮದೇ ನಿಯಮಗಳ ಭಾಷೆಯೊಂದನ್ನು, ಈ ಕ್ರಿಯೋಲನ್ನು, ಕಟ್ಟಿಕೊಂಡರು. ಆಮೇಲೆ ಕೂಲಿಗೆ ಹೋದ ನಮ್ಮ ದೇಶದವರ ಮಕ್ಕಳಿಗೂ ಅದೇ ಮನೆಮಾತಾಯಿತು. ಅಲ್ಲಿ ಗುರುಗಳಿಗೆ ಬಾಡಿಗೆ ಕೋಣೆ ಕೊಟ್ಟ ಮುದುಕಿ, ಮಾತಿಗೆ ಮುಂಚೆಯೇ, "ನನ್ನದು ಕೆಟ್ಟ ಫ್ರೆಂಚ್, ತಪ್ಪು ತಿಳೀಬೇಡಿ" ಎಂದಳಂತೆ. ಮಕ್ಕಳಿಗೆ ಜೋಗುಳ ಹಾಡಿದ ಮಾತಿಗಾಗಿ ಒಬ್ಬ ತಾಯಿ ಕ್ಷಮೆ ಕೇಳಬೇಕಾಯಿತಲ್ಲ ಎಂಬ ಸಿಟ್ಟು ಅವರಲ್ಲಿ ಇಂದಿಗೂ ಆರಿಲ್ಲ.

ಆ ಸಿಟ್ಟೇ ನನ್ನನ್ನು ಕಾಪಾಡಿತು. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಿಂದ ತುಮಕೂರಿನ ಕಾಲೇಜಿಗೆ ಬಂದವಳು ನಾನು. ನಿನ್ನೆ ಯಾಕಮ್ಮ ಬರಲಿಲ್ಲ ಎಂದು ಅವರು ಕೇಳಿದಾಗ, "ಅಬ್ಬಕ್ಕೆ ಊರಿಗ್ ಓಗಿದ್ದೆ ಸಾ" ಎಂದೆ. ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಗುರುಗಳು ಪುಸ್ತಕ ಮುಚ್ಚಿದರು.

"ನಗ್ರಪ್ಪ, ನಗಿ. ಪ್ಯಾರಿಸ್ಸಿನೋರೂ ಹೈಟಿಯೋರ್ ಮಾತು ಕೇಳಿ ಹಿಂಗೇ ನಕ್ಕಿದ್ರು. ಅದೇ ಹೈಟಿಯೋರು ಅವರ ಸೈನ್ಯಾನ ಹೊಡೆದೋಡ್ಸಿದ್ರು."

ಅಂದಿನಿಂದ ಮೊದಲು ಓದುವ ಸರದಿ ನನ್ನದಾಯಿತು. ಮುಂದೆ ಅವರ ವಿಭಾಗದಲ್ಲೇ ತಾತ್ಕಾಲಿಕ ಉಪನ್ಯಾಸಕಿಯೂ ಆದೆ.

ಈಗ ಗುರುಗಳು ನಿವೃತ್ತರಾದ ವಾರವೇ ಕಾಲೇಜಿನ ಆಡಳಿತ ಮಂಡಳಿ ಕ್ರಿಯೋಲ್ ತರಗತಿಯನ್ನು ಮುಚ್ಚಿತು. "ಮುರುಕು ಫ್ರೆಂಚ್ ಕಲ್ತು ಏನ್ ಉದ್ಧಾರ?" ಎಂದರು ಅಧ್ಯಕ್ಷರು. ಆ ಅಧ್ಯಕ್ಷರೇ ಈ ಸಮಿತಿಗೂ ಅಧ್ಯಕ್ಷರು! ಮಗುವನ್ನು ಚಿವುಟಿ ತೊಟ್ಟಿಲು ತೂಗುವುದೆಂದರೆ ಇದೇ. ಕ್ರಿಯೋಲ್ ಗೊಡವೆ ಬಿಟ್ಟರೆ ನನ್ನ ಕೆಲಸ ಕಾಯಂ ಆಗುತ್ತದೆ, ಹಿಡಿದರೆ ಮನೆಗೆ ಎಂಬುದನ್ನೂ ಅವರು ನಗುನಗುತ್ತಲೇ ತಿಳಿಸಿದ್ದಾರೆ.

ಬಟವಾಡಿ ಬಡಾವಣೆಯಲ್ಲಿರುವ ಗುರುಗಳ ಮನೆಗೆ ಹೋಗಿ ಅವರೆದುರು ಅತ್ತೆ. ಅವರ ಮಡದಿ ಅಲಮೇಲಮ್ಮನವರು ಕಾಫಿ ಕೊಟ್ಟು, "ಮೊದ್ಲು ಹೊಟ್ಟೆಪಾಡು ನೋಡ್ಕೊಳ್ಳಮ್ಮ" ಎಂದರು. ಗುರುಗಳು ನನ್ನತ್ತ ತಿರುಗಿದರು.

"ಅವ್ರು ಶಾಲು ಹೊದಿಸ್ಲಿ, ಬೇಡ ಅನ್ನಲ್ಲ. ಆದ್ರೆ ನೀನು ನನ್ನ ಹೊಗಳೋಕ್ ಹೋಗಬೇಡ ಕಣಮ್ಮ. ಕ್ಲಾಸ್ ನಿಲ್ಲಿಸ್ಬೇಡ, ಅಷ್ಟೇ. ನಮ್ಮನೆ ಹಾಲ್‌ನಲ್ಲಿ ಜಾಗ ಇದೆ."

ಕಳೆದ ಭಾನುವಾರದಿಂದ ಆ ಹಾಲ್‌ನಲ್ಲಿ ಕ್ರಿಯೋಲ್ ಪಾಠ ನಡೆಯುತ್ತಿದೆ. ನಾನು ಕಲಿಸುತ್ತೇನೆ, ಗುರುಗಳು ತಪ್ಪು ತಿದ್ದುತ್ತಾರೆ. ಇದನ್ನು ಅಚ್ಚಿನಲ್ಲಿ ಹೇಳಿದ ಮೇಲೆ ನನ್ನ ಕೆಲಸ ಉಳಿಯುವುದೇ, ತಿಳಿಯದು. ಪೂಜ್ಯರು ಆರೋಗ್ಯದಿಂದ ನೂರ್ಕಾಲ ಬಾಳಲಿ, ತಿದ್ದುತ್ತಲೇ ಇರಲಿ. ಆ ಮನೆಯ ಬಾಗಿಲು ಮುಚ್ಚಿಸುವ ಅಧಿಕಾರ ಯಾವ ಆಡಳಿತ ಮಂಡಳಿಗೂ ಇಲ್ಲ.

— ಯಶಸ್ವಿನಿ