ಸಂಡೂರಿನಲ್ಲಿ ನಿಂತ ಆಟ

ಭಾಗ್ಯ ಕೌಂಟರ್ ಸ್ಟ್ರೈಕ್ ಎಂಬ ಕಂಪ್ಯೂಟರ್ ಆಟ ಕಲಿತದ್ದು ಸಿಟ್ಟಿನಿಂದ. ಹೊಸಪೇಟೆಯ ಕಾಲೇಜು ರಸ್ತೆಯಲ್ಲಿದ್ದ ಕೊಟ್ರಯ್ಯನವರ ಸೈಬರ್ ಕೆಫೆಯನ್ನು ಅವಳು ನೋಡಿಕೊಳ್ಳುತ್ತಿದ್ದಳು. ಕಾಲೇಜಿನ ನಾವು ನಾಲ್ವರು ಗೆಳೆಯರು ಅಲ್ಲಿ ದಿನಾ ಆಡುತ್ತಿದ್ದೆವು. ಐದು ಜನರ ಒಂದು ತಂಡ ಬಾಂಬ್ ಇಡಬೇಕು, ಪೊಲೀಸರಾಗಿ ಆಡುವ ಇನ್ನೊಂದು ತಂಡ ತಡೆಯಬೇಕು. ಸತ್ತವನು ಆ ಸುತ್ತು ಮುಗಿಯುವ ತನಕ ಸುಮ್ಮನೆ ಕೂರಬೇಕು. ಸುಮ್ಮನೆ ಕೂರಲಾಗದೆ ನಾವು ಕೀಬೋರ್ಡ್ ಗುದ್ದುತ್ತಿದ್ದೆವು. ಅದು ಕೆಟ್ಟರೆ ಬೈಸಿಕೊಳ್ಳುವವಳು ಭಾಗ್ಯ.

"ಅಂಥಾದ್ದೇನೈತಿ ಅದರಾಗ?" ಎಂದು ಒಂದು ಮಧ್ಯಾಹ್ನ ತಾನೇ ಹೆಡ್‌ಫೋನ್ ಹಾಕಿಕೊಂಡು ಕೂತಳು.

ಗುರಿಯಿಟ್ಟು ಹೊಡೆಯುವುದು ಅವಳಿಗೆ ಅಷ್ಟಾಗಿ ಕೈಹಿಡಿಯಲಿಲ್ಲ. ಆದರೆ ಯಾರು ಎಲ್ಲಿ ಅಡಗಿದ್ದಾರೆ ಎಂಬುದು ಹೆಜ್ಜೆ ಸಪ್ಪಳದಲ್ಲೇ ಗೊತ್ತಾಗುತ್ತಿತ್ತು. ಅವಳು ಹೇಳುವುದು, ನಾವು ಹೊಡೆಯುವುದು. ಹೀಗೆ ನಮ್ಮ ತಂಡಕ್ಕೆ ಐದನೆಯವಳು ಸಿಕ್ಕಳು.

ಆಟವೂ ನಿಂತಲ್ಲಿ ನಿಲ್ಲಲಿಲ್ಲ. ಅದರ ೧.೫ ಆವೃತ್ತಿ ಹೋಗಿ ೧.೬ ಬಂದಾಗ ಪೊಲೀಸರ ಕೈಗೆ ಗುರಾಣಿ ಬಂತು. ಅದನ್ನು ಹಿಡಿಯುವವರು ಹೇಡಿಗಳು ಎಂದು ಕೆಫೆಯಲ್ಲಿ ವಾರಗಟ್ಟಲೆ ಜಗಳವಾಯಿತು. ಆಮೇಲೆ ಸೋರ್ಸ್ ಎನ್ನುವ ಹೊಸ ರೂಪ ಬಂತು. ಗೋಡೆ, ಬೆಳಕು ಎಲ್ಲ ನಿಜದಂತೆ. ಆದರೆ ಕೊಟ್ರಯ್ಯನವರ ಹಳೆಯ ಕಂಪ್ಯೂಟರುಗಳಲ್ಲಿ ಅದು ತಡವರಿಸಿ ನಿಂತೇ ಹೋಗುತ್ತಿತ್ತು. ನಾವು ಹಳೆಯದರಲ್ಲೇ ಉಳಿದೆವು.

ಸಂಡೂರಿನ ಮುರುಗೇಶ್ ಬಂದದ್ದು ಆಗ. ಅವನ ಅಪ್ಪನ ಅದಿರು ಲಾರಿಗಳು ಹಗಲೂ ರಾತ್ರಿ ಬಂದರಿಗೆ ಸಾಲು ಹಿಡಿದು ಹೋಗುತ್ತಿದ್ದವು. ತಂಡ ಕಟ್ಟಿಕೊಂಡು ಬಂದವನು ನಮ್ಮೆದುರು ಸೋತ. ಹುಡುಗಿಯೊಬ್ಬಳ ಮಾತಿಗೆ ಸೋತ ಎಂದು ಕಾಲೇಜಿನಲ್ಲೆಲ್ಲ ಸುದ್ದಿಯಾಯಿತು. ಮರುವಾರ ಮತ್ತೆ ಬಂದು ಅವಳ ಟೇಬಲ್ಲಿಗೆ ಒರಗಿ ನಿಂತ.

"ಹಳೇ ಆಟದಾಗ ಗೆದ್ರ ಏನ್ ಬಂತು? ಐತವಾರ ನಮ್ಮನಿಗೆ ಬರ್ರಿ, ಹೊಸದ್ರಾಗ ಆಡೋಣು." ಬಾಗಿಲ ತನಕ ಹೋಗಿ ತಿರುಗಿದ. "ನೀ ಗಾಳೆಪ್ಪನ ಮಗಳಲ್ಲೇನು? ನಿಮ್ಮಪ್ಪ ನಮ್ಮ ಗಾಡಿನ ಓಡಿಸ್ತಾನ."

ನಗುತ್ತಲೇ ಹೇಳಿದ. ಅದು ಕರೆಯೋ ಬೆದರಿಕೆಯೋ ತಿಳಿಯಲಿಲ್ಲ.

"ಹೋಗಬ್ಯಾಡವಾ," ಅಂದರು ಕೊಟ್ರಯ್ಯ.

"ಹೋಗದಿದ್ರ ಅಪ್ಪನ ಮ್ಯಾಲ ತೀರಿಸ್ಕೊಂತಾನ, ಅಣ್ಣ. ಹೋಗಿ ಸೋತು ಬರ್ತೀವಿ."

ಸಂಡೂರಿನ ಆ ಮನೆಯ ಹಾಲಿನಲ್ಲಿ ಹೊಚ್ಚ ಹೊಸ ಕಂಪ್ಯೂಟರುಗಳು ಎದುರುಬದುರು ಸಾಲಾಗಿದ್ದವು. ಬಾಗಿಲಲ್ಲಿ ಜೋಡಿ ನಳಿಗೆಯ ಬಂದೂಕು ಹಿಡಿದು ಮೆಟ್ರಿ ಎಂಬ ಊರಿನ ಪಂಪಣ್ಣ ಎನ್ನುವ ಕಾವಲಿನವನು ನಿಂತಿದ್ದ. ಗಣಿ ಸಾಹುಕಾರರ ಮನೆಗಳಲ್ಲಿ ಆಗ ಅದು ಸಾಮಾನ್ಯ ನೋಟ.

ಮೊದಲು ಸೋತೆವು. ಸೋಲಲೆಂದೇ ಬಂದಿದ್ದರೂ ಅಷ್ಟು ಕೆಟ್ಟದಾಗಿ ಸೋಲುತ್ತೇವೆ ಎಂದುಕೊಂಡಿರಲಿಲ್ಲ. ಹಳೆಯ ಆಟದಲ್ಲಿ ಗೋಡೆಯಂತೆ ಅಲ್ಲಾಡದೆ ನಿಲ್ಲುತ್ತಿದ್ದ ಡ್ರಮ್ಮುಗಳು ಇಲ್ಲಿ ಮೈ ತಾಗಿದರೆ ಉರುಳುತ್ತಿದ್ದವು. ಸಪ್ಪಳ ಕೇಳಿ ಅವರು ನಮ್ಮನ್ನು ಕೊಲ್ಲುತ್ತಿದ್ದರು. ಮುರುಗೇಶನ ಗೆಳೆಯರು ಕೇಕೆ ಹಾಕಿದರು. ಭಾಗ್ಯಳ ಕಿವಿ ಕೆಂಪಗಾಯಿತು.

"ಯಾರೂ ಓಡಬ್ಯಾಡ್ರಿ," ಅಂದಳು. "ಡ್ರಮ್ಮು ಅವರೇ ಉಳ್ಳಿಸಲಿ."

ನಾವು ನಿಂತೆವು. ಅವರು ಬಂದರು, ಡ್ರಮ್ಮು ಉರುಳಿತು, ನಾವು ಹೊಡೆದೆವು. ಸೋತು ಬರುವ ಮಾತು ಅವಳಿಗೂ ಮರೆತಿತ್ತು, ನಮಗೂ. ಆಟ ಸಮ ಆಯಿತು. ಕೊನೆಯ ಸುತ್ತಿನಲ್ಲಿ ನಮ್ಮ ಕಡೆ ಭಾಗ್ಯ, ಅವರ ಕಡೆ ಮುರುಗೇಶ್, ಇಬ್ಬರೇ ಉಳಿದರು.

ಕುರ್ಚಿ ಸರಿದ ಸದ್ದಾಯಿತು. ಮುರುಗೇಶ್ ಎದ್ದು ಹೋಗಿ ಪಂಪಣ್ಣನ ಕೈಯಿಂದ ಬಂದೂಕು ಕಸಿದು ತಂದ. ಅದನ್ನು ಭಾಗ್ಯಳ ಕೀಬೋರ್ಡಿನ ಮೇಲೆ, ಅವಳ ಬೆರಳುಗಳ ಮೇಲೇ ಅಡ್ಡ ಇಟ್ಟ.

"ಈಗ ಆಡು ನೋಡೋಣು. ಖರೇ ಬಂದೂಕು ಹೆಂಗಿರ್ತೈತಿ ಗೊತ್ತಾಗ್ಲಿ."

ಅವಳ ಪಕ್ಕದಲ್ಲಿ ಕೂತಿದ್ದವನು ನಾನು. ನಳಿಗೆಯ ಬಾಯಿ ನನ್ನ ಎದೆಗೆ ನೇರವಾಗಿತ್ತು.

ಪಂಪಣ್ಣ ಸದ್ದಿಲ್ಲದೆ ಬಂದ. "ಅಲ್ಲಾಡಬ್ಯಾಡವಾ. ಹಂಗ ಇರು," ಎಂದು ಬಂದೂಕನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಗೋಡೆಯ ಕಡೆ ತಿರುಗಿ ನಳಿಗೆಯನ್ನು ಕೆಳಗೆ ಮಡಿಸಿ ತೆರೆದ. ಒಳಗಿಂದ ಎರಡು ತೋಟಾಗಳು ಬಂದವು.

ಮುರುಗೇಶನ ಮುಖ ಬಿಳಿಚಿತು. "ಲೋಡ್ ಇತ್ತೇನು?"

"ಖಾಲಿ ಬಂದೂಕು ಹಿಡದು ಕಾಯಾಕ ನಿಮ್ಮಪ್ಪಾರು ನನ್ನ ಇಟ್ಟಿಲ್ಲ, ಸಾವ್ಕಾರ್ರ."

ತೋಟಾಗಳನ್ನು ಜೇಬಿಗೆ ಹಾಕಿಕೊಂಡು, ನಮಗೆ ಏಳಲು ಸನ್ನೆ ಮಾಡಿದ. ಬಸ್‌ಸ್ಟ್ಯಾಂಡಿನ ತನಕ ಜೊತೆಗೆ ನಡೆದು ಬಂದ, ಬಸ್ಸು ಹೊರಡುವವರೆಗೂ ಅಲ್ಲೇ ನಿಂತಿದ್ದ.

ಬಸ್ಸು ಲಾರಿಗಳ ಹಿಂದೆ ತೆವಳುತ್ತಿತ್ತು. ಹಿಂದಿನಿಂದ ಹಾರ್ನ್ ಆದಾಗಲೆಲ್ಲ ನಾವು ತಿರುಗಿ ನೋಡುತ್ತಿದ್ದೆವು. ಭಾಗ್ಯ ಮಾತ್ರ ಕಿಟಕಿಯ ಕೆಂಪು ಧೂಳನ್ನೇ ನೋಡುತ್ತಿದ್ದಳು.

"ಅವ ಎದ್ದು ಬಂದಾಗ ಆಟದಾಗ ಅವನ ಆಳು ಬಯಲಾಗ ಸುಮ್ನ ನಿಂತಿತ್ತು," ಅಂದಳು ಕೊನೆಗೆ. "ಒಂದು ಗುಂಡು ಸಾಕಿತ್ತು."

"ಮತ್ತ್ಯಾಕ ಹೊಡೀಲಿಲ್ಲ?" ಅಂದೆ.

"ನಳಿಗಿ ನಿನ್ನ ಕಡೆ ಇತ್ತಲ್ಲಲೇ. ಕೈ ಅಲ್ಲಾಡಿಸಬಾರದು, ಅಷ್ಟ ಇತ್ತು ತಲ್ಯಾಗ."

ಮನೆಯಲ್ಲಿ ಅವಳೇ ಎಲ್ಲ ಹೇಳಿದಳು. ಗಾಳೆಪ್ಪ ಬೆಳಿಗ್ಗೆ ಸಂಡೂರಿಗೆ ಹೋಗಿ ಲಾರಿಯ ಕೀಲಿ ಒಪ್ಪಿಸಿ ಬಂದು, ಕಂಪ್ಲಿಯ ಅಕ್ಕಿ ಗಿರಣಿಯೊಂದರ ಗಾಡಿ ಹತ್ತಿದ.

ವಿಷಯ ತಿಳಿದ ಕೊಟ್ರಯ್ಯ ಹೆದರಿ ಕಂಪ್ಯೂಟರುಗಳಿಂದ ಆಟವನ್ನೇ ತೆಗೆದುಹಾಕಲು ಕೂತರು.

"ನಿಮ್ಮ ಅಂಗಡಿ, ತೆಗೀರಿ ಅಣ್ಣ," ಅಂದಳು ಭಾಗ್ಯ. "ಆದ್ರ ನಾ ಆಡಿದ್ದಕ್ಕ ಹಿಂಗಾತು ಅಂತ ತೆಗೀಬ್ಯಾಡ್ರಿ. ಬಂದೂಕು ತಂದಾಂವ ಅವ."

ಕೊಟ್ರಯ್ಯ ತೆಗೆಯದೆ ಮೌಸ್ ಬಿಟ್ಟು ಎದ್ದರು. ಮುರುಗೇಶ್ ಮತ್ತೆ ಆ ಕಡೆ ಬರಲಿಲ್ಲ.

ಭಾಗ್ಯ ಬಹಳ ದಿನ ಆಟ ಮುಟ್ಟಲಿಲ್ಲ, ನಾವೂ ಕೇಳಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಕೊಟ್ರಯ್ಯ ಹೊಸ ಕಂಪ್ಯೂಟರುಗಳನ್ನು ತರಿಸಿದರು. ಸೋರ್ಸ್ ಅನ್ನು ಒಂದೊಂದಕ್ಕೂ ಹಾಕಿದವಳು ಅವಳೇ. ಹಾಕಿ ಮುಗಿಸಿ, ನಡುವಿನ ಕುರ್ಚಿ ಎಳೆದುಕೊಂಡು ಹೆಡ್‌ಫೋನ್ ಹಾಕಿಕೊಂಡಳು. ನಮ್ಮ ಕಡೆ ನೋಡಿ, "ಕುಂದ್ರಿ" ಅಂದಳು. ನಾವು ಕೂತೆವು.