ರೊಟ್ಟಿ ವಾಪಸ್ ಬಂತು

ಕಳೆದ ಮಂಗಳವಾರ ನಮ್ಮ ಫುಡ್ ಬ್ಯಾಂಕಿಗೆ ಮೊದಲ ಕಂಪ್ಲೇಂಟ್ ಬಂತು. ನನಗಾದ ಖುಷಿ ಹೇಳತೀರದು.

ನಿಮಗೆ ಗೊತ್ತಲ್ಲ, ಬೈಲಹೊಂಗಲದ ಒಂದು ಹಳೇ ಗೋದಾಮಿನಲ್ಲಿ ಇದನ್ನು ನಡೆಸುತ್ತಿದ್ದೇವೆ. ಮನೆಮನೆಯಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬರುತ್ತದೆ, ಬೇಕಾದವರು ಒಯ್ಯುತ್ತಾರೆ. ತಲೆ ತಗ್ಗಿಸಿ ಬರುತ್ತಾರೆ, ತಲೆ ತಗ್ಗಿಸಿಯೇ ಹೋಗುತ್ತಾರೆ. (ಯೌವನವಿಡೀ ಮೆರವಣಿಗೆಗಳಲ್ಲಿ ‘ನಮ್ಮ ಹಕ್ಕು’ ಎಂದು ಕೂಗಿದವಳು ನಾನು. ಆ ತಗ್ಗಿದ ತಲೆಗಳನ್ನು ಕಂಡರೆ ಎಲ್ಲೋ ಫೇಲಾದೆ ಅನಿಸುತ್ತಿತ್ತು.)

ಅವರಲ್ಲಿ ಬಸವ್ವನೂ ಒಬ್ಬಳು. ಮೊಣಕಾಲು ನೋವಿನಿಂದ ಕೂಲಿ ಬಿಟ್ಟವಳು. ಎರಡು ವರ್ಷದಲ್ಲಿ ನನ್ನೊಡನೆ ಆಡಿದ್ದು ಒಂದೇ ಮಾತು: ‘ಬರತೇನ್ರಿ.’

ಅವತ್ತು ಅವಳು, ಹಿಂದಿನ ದಿನ ಒಯ್ದಿದ್ದ ಪೊಟ್ಟಣವನ್ನು ತಂದು ಮೇಜಿನ ಮೇಲಿಟ್ಟಳು.

‘ಬಾಯಾರ, ಇದನ್ನ ಯಾರ್ ಬಡದಾರ್ರಿ? ಹಿಟ್ಟ ನಾದಿಲ್ಲ, ನಡುವ ಹಸಿ ಐತಿ. ಹೆಂಗ ತಿನ್ನೂದ್ರಿ?’

ಕ್ಯೂನಲ್ಲಿದ್ದವರು ಕತ್ತು ಚಾಚಿ ನೋಡಿದರು. ಕಮಿಟಿಯ ಶಾಂತಕ್ಕ ಕೆಂಪಗಾದಳು. ‘ಪುಕ್ಕಟೆ ಒಯ್ಯಾಕಿಗೆ ಇಷ್ಟ್ಯಾಕವಾ ನಖರಾ? ಬಾಯಾರ, ಇಕಿ ಹೆಸರ ಲಿಸ್ಟಿನಿಂದ ತಗೀರಿ.’

ಬಸವ್ವನ ತಲೆ ಮತ್ತೆ ತಗ್ಗಿತು. ಪೊಟ್ಟಣ ವಾಪಸ್ ತೆಗೆದುಕೊಳ್ಳಲು ಕೈ ಚಾಚಿದಳು. ನಾನೀಗ ಸುಮ್ಮನಿದ್ದರೆ ಈಕೆ ಇನ್ನೆಂದೂ ಬಾಯಿ ಬಿಡುವುದಿಲ್ಲ. ಬಹುಶಃ ಇತ್ತ ಬರುವುದೂ ಇಲ್ಲ. ಪೊಟ್ಟಣವನ್ನು ಗಟ್ಟಿಯಾಗಿ ಹಿಡಿದುಕೊಂಡೆ.

‘ಬಡದಾಕಿ ನಾನ, ಬಸವ್ವಾ.’

ಏನು ಮಾಡಲಿ? ರೊಟ್ಟಿ ಕಳಿಸುವ ಎರಡು ಮನೆಯವರು ಹಿಂದಿನ ದಿನ ಮದುವೆಗೆ ಹೋಗಿದ್ದರು, ಕಡಿಮೆ ಬಿದ್ದದ್ದಕ್ಕೆ ನಾನೇ ಕೂತೆ. ಕಾನ್ವೆಂಟಿನ ಸಿಸ್ಟರುಗಳು ನನಗೆ ಎಂಬ್ರಾಯ್ಡರಿ ಕಲಿಸಿದರು, ಪಿಯಾನೋ ಕಲಿಸಿದರು. ರೊಟ್ಟಿ?

ಬಸವ್ವ ನನ್ನ ಬಿಳಿಗೂದಲನ್ನೇ ದಿಟ್ಟಿಸಿದಳು. ‘ಇಷ್ಟ ವಯಸ್ಸಾಗೇತಿ, ರೊಟ್ಟಿ ಬಡ್ಯಾಕ ಬರೂದಿಲ್ಲೇನ್ರಿ?’

ಕ್ಯೂನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಗೋದಾಮು ನಕ್ಕಿತು. ಶಾಂತಕ್ಕನೂ ಸೆರಗು ಬಾಯಿಗೆ ಹಚ್ಚಿಕೊಂಡಳು.

ಗುರುವಾರ ಬಸವ್ವ ಸ್ಟೂಲಿನ ಮೇಲೆ ಕೂತು ನನಗೆ ಹಿಟ್ಟು ನಾದುವುದನ್ನು ಕಲಿಸಿದಳು. ‘ಅಂಗೈ ಹಚ್ಚಿ ತಿಕ್ಕ್ರಿ ಬಾಯಾರ. ಕೂಸಿನ ಗಲ್ಲ ಸವರಿದಂಗ ಮಾಡಬ್ಯಾಡ್ರಿ.’ ನನ್ನ ಮೊದಲ ಮೂರೂ ರೊಟ್ಟಿ ಹರಿದವು. ನಾಲ್ಕನೆಯದನ್ನು ಅವಳು ಪಾಸ್ ಮಾಡಿದಳು, ಗ್ರೇಸ್ ಮಾರ್ಕ್ಸ್ ಕೊಟ್ಟು.

ಈಗ ಒಯ್ಯುವ ಮುನ್ನ ಎಲ್ಲರೂ ಒಂದು ಚೂರು ಮುರಿದು ನೋಡುತ್ತಾರೆ. ರೊಟ್ಟಿ ದಪ್ಪ ಅನ್ನುತ್ತಾರೆ, ಚಟ್ನಿಗೆ ಉಪ್ಪು ಸಾಲದು ಅನ್ನುತ್ತಾರೆ. ಶಾಂತಕ್ಕ ಗೊಣಗುತ್ತಾಳೆ. ನಾನು ಹಿಗ್ಗುತ್ತೇನೆ.

ಅಲ್ಲ, ಹಸಿ ರೊಟ್ಟಿಯನ್ನು ಹಸಿ ಎನ್ನಲು ಬಿಡದೆ ಕೊಟ್ಟರೆ ಅದು ದಾನವಾದೀತು, ನ್ಯಾಯ ಹೇಗಾದೀತು?