ಹೊಂಡ ತುಂಬಬೇಡಿರೆಂದ ಮೆಂಬರಬಾಯಿ

ಆಕೆಯ ಅಂಗೈ ಯಾವಾಗಲೂ ಒದ್ದೆ. ಅಂಜಿಕೆಗೆ ಬೆವರುವ ಕೈ. ಮಗ್ಗಕ್ಕೆ ಕೂರುವ ಮೊದಲು ಜೋಳದ ಹಿಟ್ಟು ಸವರಿಕೊಂಡು, ಸೆರಗಿಗೆ ಒರೆಸಿಕೊಂಡೇ ನೂಲು ಹಿಡಿಯುವಳು. ಇಲ್ಲದಿದ್ದರೆ ಬಿಳಿ ನೂಲಿನ ಮೇಲೆ ಬೆರಳಿನ ಗುರುತು ಮೂಡುತ್ತಿತ್ತು.

"ಅಷ್ಟು ಹಿಟ್ಟು ಹಚ್ಚಿಯಲ್ಲ, ಎರಡು ರೊಟ್ಟಿ ಬಡದ ಬಿಡು ಅಂಗೈಯಾಗ," ಎಂದು ನಾನು ಗೋಡೆಯ ಈ ಕಡೆಯಿಂದ ಕಾಡುತ್ತಿದ್ದೆ.

"ನಗು. ನಿನಗೇನು, ಹಲ್ಲು ಛಲೋ ಅದಾವ."

ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ನೇಕಾರರ ಓಣಿ ಅದು. ಆ ಸಲ ನಮ್ಮ ವಾರ್ಡು ಹೆಣ್ಣುಮಕ್ಕಳ ಪಾಲಿಗೆ ಬಂತು. ಆಕೆಯ ಗಂಡನಿಗೆ ಪುರಸಭೆಗೆ ಹೋಗುವ ಆಸೆ, ತನ್ನ ಬದಲು ಹೆಂಡತಿಯನ್ನು ನಿಲ್ಲಿಸಿದ. ಗೆದ್ದಳು. ಗೆದ್ದ ಸುದ್ದಿ ಕೇಳಿ ಅಂಜಿ ಅತ್ತಳು. ಅಂದಿನಿಂದ ಓಣಿಗೆಲ್ಲ ಆಕೆ ಮೆಂಬರಬಾಯಿ.

ಆಕೆಯ ತವರು ಬೀಳಗಿ ಕಡೆಯ, ಕೃಷ್ಣೆಯ ದಂಡೆಯ ಒಂದು ಹಳ್ಳಿ. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. "ಇಲ್ಲಿತನಕಾ ನೀರು ಬರೂದಿಲ್ಲ ಅಂತಿದ್ದ ನಮ್ಮಪ್ಪ. ಅನ್ನಕೋತನ ಗಂಟು ಕಟ್ಟಿದ," ಎನ್ನುವಳು. ಜಮಖಂಡಿಗೆ ಹೋಗುವ ಬಸ್ಸು ಸಣ್ಣ ಹಳ್ಳದ ಸೇತುವೆ ಹತ್ತಿದರೂ ನನ್ನ ಮೊಣಕೈ ಹಿಡಿಯುತ್ತಿದ್ದಳು. ಒಮ್ಮೆ ನಾನು, "ಕೆಳಗ ನೀರ ಇಲ್ಲ ಬೇ, ಎಮ್ಮಿ ಮೇಯಾಕತ್ತಾವ," ಎಂದೆ. "ಎಮ್ಮಿಗೆ ಈಸು ಬರತೈತಿ, ನನಗ ಬರೂದಿಲ್ಲ," ಎಂದಳು.

ನಮ್ಮ ಓಣಿಯ ಹಿಂದೆ ಒಂದು ಹೊಂಡ. ಊರ ಮೇಲ್ಗಡೆಯ ಮಳೆನೀರೆಲ್ಲ ಅಲ್ಲಿಗೆ ಬರುತ್ತಿತ್ತು. ಸುತ್ತ ಆಪು ಹುಲ್ಲು, ದಂಡೆಗೆ ನಾಲ್ಕಾರು ಬೇವು. ಅದನ್ನು ತುಂಬಿ ಅಂಗಡಿ ಸಾಲು ಕಟ್ಟಬೇಕು, ಉಳಿದ ಜಾಗದಲ್ಲಿ ನೇಕಾರರಿಗೆ ಹಾಸು ಚಾಚಲು ಸಮತಟ್ಟಾದ ಬಯಲು ಮಾಡಿಕೊಡಬೇಕು ಎಂದು ಪುರಸಭೆಯಲ್ಲಿ ಮಾತು ಬಂತು. ಹಾಸು ಎಂದರೆ ಮಗ್ಗಕ್ಕೆ ಏರಿಸುವ ಉದ್ದದ ನೂಲು. ಅದಕ್ಕೆ ಗಂಜಿ ಹಚ್ಚಿ ಬೀದಿಯುದ್ದಕ್ಕೂ ಎಳೆದು ಕಟ್ಟುವುದು ನಮ್ಮ ಪದ್ಧತಿ. ಮೋಟಾರು ಗಾಡಿಗಳು ಹೆಚ್ಚಾಗಿ ಬೀದಿಯೇ ಇಲ್ಲದಂತಾಗಿತ್ತು. ಹಾಗಾಗಿ ಹೊಂಡ ತುಂಬಿರಿ ಎಂದು ಅರ್ಜಿ ಕೊಟ್ಟವರು ನಾವೇ, ನೇಕಾರರೇ. ನನ್ನ ಹೆಬ್ಬೆಟ್ಟಿನ ಪಕ್ಕದಲ್ಲಿ ಆಕೆಯ ಗಂಡನ ಸಹಿ.

ಅದೇ ದಿನಗಳಲ್ಲಿ ಬಾಗಲಕೋಟೆಯಲ್ಲಿ ಮೆಂಬರುಗಳಿಗೆ ತರಬೇತಿ ಇತ್ತು. ಹೋಗಿ ಬಂದವಳು ನೇರವಾಗಿ ನಮ್ಮ ಅಡುಗೆಮನೆಗೆ ಬಂದು ಕುಳಿತಳು. ಅಲ್ಲೊಬ್ಬ ಹೆಣ್ಣುಮಗಳು ಪಾಠ ಹೇಳಿದಳಂತೆ. ಊರಿನ ನಕ್ಷೆ ಮಾಡುವಾಗ ರಸ್ತೆ, ಗಟಾರ, ದೀಪದ ಕಂಬ ಅಷ್ಟೇ ನೋಡಬೇಡಿರಿ; ಕೆರೆ, ಹಳ್ಳ, ಗಿಡ, ಬಯಲು ಇವೂ ಊರಿನ ಚಾಕರಿ ಮಾಡುತ್ತವೆ; ಏನು ಮಾಡುತ್ತವೆ ಎಂದು ಮೊದಲು ಕೇಳಿರಿ, ಆಮೇಲೆ ಕಡಿಯಿರಿ, ತುಂಬಿರಿ ಎಂದಳಂತೆ.

"ನಮ್ಮ ಹೊಂಡ ಏನೇನು ಕೆಲಸ ಮಾಡತೈತಿ ಹೇಳು," ಎಂದಳು.

"ಸೊಳ್ಳಿ ಸಾಕತೈತಿ."

"ಅದೂ ಖರೆ. ಮತ್ತ?"

ನಾನು ನಗುತ್ತಿದ್ದೆ. ಆಕೆ ನಗಲಿಲ್ಲ. ತಾನೇ ಹೇಳತೊಡಗಿದಳು. ಚೈತ್ರದ ಬಿಸಿಲಿನಲ್ಲಿ ಹೊಂಡದ ಕಡೆಯಿಂದ ಹಸಿಗಾಳಿ ಬರುತ್ತದೆ, ಅದಕ್ಕೇ ನಮ್ಮ ಓಣಿಯಲ್ಲಿ ನೂಲು ಹರಿಯುವುದು ಕಡಿಮೆ. ಬಾವಿಗೆ ನೀರು ಜಿನುಗುವುದು ಅಲ್ಲಿಂದಲೇ. ಮಳೆ ಬಂದರೆ ಮೇಲಿನ ನೀರು ಅಲ್ಲಿ ನಿಂತು ಉಸಿರು ಬಿಡುತ್ತದೆ. ಆಮೇಲೆ ಸಣ್ಣ ದನಿಯಲ್ಲಿ, "ಹೊಂಡ ಇಲ್ಲಂದ್ರ ಆ ನೀರು ಎಲ್ಲಿ ನಿಂದರಬೇಕವ್ವಾ? ನಿನ್ನ ಮನ್ಯಾಗ, ನನ್ನ ಮನ್ಯಾಗ," ಎಂದಳು.

ಮೀಟಿಂಗಿನ ದಿನ ನನ್ನನ್ನೂ ಎಳೆದುಕೊಂಡು ಹೋದಳು. ನಾನು ಹೊರಗೆ ಬೆಂಚಿನ ಮೇಲೆ, ಬಾಗಿಲು ತೆರೆದೇ ಇತ್ತು. ಆಕೆ ಎದ್ದು ನಿಂತಾಗ ಕುರ್ಚಿ ಕಟಕಟ ಅಂದಿತು. ಹೊಂಡದ ಕೆಲಸಗಳನ್ನೆಲ್ಲ ಹೇಳಿದಳು.

ಅಧ್ಯಕ್ಷರು ನಕ್ಕರು. "ಹಂಗಾರ ಹೊಂಡಕ್ಕ ಪಗಾರ ಚಾಲೂ ಮಾಡೂಣೇನ್ರೀ ಬಾಯಾರ?"

"ಪಗಾರ ಅದು ಕೇಳಿಲ್ಲರಿ. ಅದನ್ನ ಮುಚ್ಚಿದ ಮ್ಯಾಲ ಆ ಕೆಲಸ ಯಾರು ಮಾಡಾವರು ಅಂತ ನಾ ಕೇಳಾಕತ್ತೇನಿ. ಅಷ್ಟು ಹೇಳ್ರಿ, ಕೈ ಎತ್ತತೇನಿ."

ಎಂಜಿನಿಯರು ದೊಡ್ಡ ಗಟಾರ ಕಟ್ಟುವುದಾಗಿ ಹೇಳಿದರು. ಗಟಾರ ನೀರನ್ನು ಒಯ್ಯುತ್ತದೆ ಹೊರತು ಇಟ್ಟುಕೊಳ್ಳುವುದಿಲ್ಲವಲ್ಲ ಎಂದಳು ಈಕೆ. ಅವರೂ ಒಳ್ಳೆಯ ಮನುಷ್ಯ, ತಲೆ ಕೆರೆದುಕೊಂಡು, "ಅದು ನೋಡಬೇಕಾಗತೈತಿ," ಎಂದರು. ಕೊನೆಗೆ, ಸದ್ಯ ಅರ್ಧ ತುಂಬುವುದು, ಉಳಿದರ್ಧ ಮುಂದಿನ ವರ್ಷ ಎಂದು ತೀರ್ಮಾನವಾಯಿತು.

ಓಣಿ ಆಕೆಯ ಮೇಲೆ ತಿರುಗಿ ಬಿತ್ತು. ನಮ್ಮವಳೇ ನಮಗೆ ಅಡ್ಡ ಬಂದಳು ಎಂದರು. ಆಕೆ ನಳಕ್ಕೆ ಹೋದರೆ ಹೆಂಗಸರು ಕೊಡ ಸರಿಸಿಕೊಂಡು ದೂರ ನಿಲ್ಲುತ್ತಿದ್ದರು. ಗಂಡ, "ಮುಂದಿನ ಸಲ ಸುಮ್ಮನ ಕೈ ಎತ್ತಿ ಬಾ, ಪೀಡಾ ಹೋಗಲಿ," ಎಂದ. ಆಕೆಗೆ ಊಟ ಸೇರದಾಯಿತು.

"ಅಷ್ಟು ಅಂಜಿಕಿ ಆದರ ಬಿಟ್ಟುಬಿಡು," ಎಂದೆ.

"ಮಂದಿಗೂ ಅಂಜತೇನಿ, ನೀರಿಗೂ ಅಂಜತೇನಿ. ಆದರ ಮಂದಿ ಕೈ ಮುಗದರ ಕೇಳತಾರ."

ಅರ್ಧ ಹೊಂಡಕ್ಕೆ ಮಣ್ಣು ಬಿತ್ತು. ಆ ಬೇಸಿಗೆಯಲ್ಲಿ ನೂಲು ಪಟಪಟ ಹರಿಯತೊಡಗಿತು. ನಾವು ಗಂಜಿ ಕಾಸುವವಳನ್ನು ಬೈದೆವು, ನೂಲಿನ ಸಾಹುಕಾರನನ್ನು ಬೈದೆವು. ಹೊಂಡದ ಕಡೆ ಯಾರೂ ನೋಡಲಿಲ್ಲ.

ಮಳೆಗಾಲದ ಒಂದು ಮಧ್ಯಾಹ್ನ ನಾನು ಕುಣಿಮಗ್ಗದಲ್ಲಿದ್ದೆ. ನೆಲ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ ಅದು. ಹೊರಗೆ ಜೋರು ಮಳೆ. ಪಾದಕ್ಕೆ ತಣ್ಣಗಾಯಿತು. ಮೊದಲು ಬೆಕ್ಕಿನ ಮೇಲೆ ಸಂಶಯ ಬಂತು. ಬಗ್ಗಿ ನೋಡಿದರೆ ಕುಣಿಯ ತಳದಿಂದ ನೀರು ಬುಳುಬುಳು ಏಳುತ್ತಿದೆ. ಬಾಗಿಲಲ್ಲಿ ಹನಿ ನೀರಿಲ್ಲ, ಕಾಲ ಕೆಳಗಿನ ಭೂಮಿಯಿಂದಲೇ ಬರುತ್ತಿದೆ. ನೋಡುತ್ತಿದ್ದಂತೆ ಮೀನಖಂಡ ಮುಳುಗಿತು. ಕಾಲು ಮೇಲೆಳೆದುಕೊಂಡೆ. "ಮೆಂಬರಬಾಯೀ, ಕುಣ್ಯಾಗ ನೀರು," ಎಂದು ಕೂಗಿದೆ.

ಆಕೆ ಬಂದವಳೇ ಕುಣಿ ನೋಡಿದಳು, ನನ್ನ ಮುಖ ನೋಡಿದಳು. "ನಿನ್ನ ಸೊಸಿ ಎಲ್ಲಿ?"

ನನ್ನ ಸೊಸೆ ಹಿತ್ತಲ ಶೆಡ್ಡಿನಲ್ಲಿ ಕರೆಂಟಿನ ಮಗ್ಗ ನಡೆಸುತ್ತಿದ್ದಳು. ಶೆಡ್ಡು ಹೊಂಡದ ಮಗ್ಗುಲಿಗೇ ಇತ್ತು. ಮಗ್ಗದ ಸದ್ದಿನಲ್ಲಿ ಕೂಗಿದರೆ ಕೇಳುವುದಿಲ್ಲ. ಮನೆಯ ದೀಪದ ಸ್ವಿಚ್ಚನ್ನು ಸಹ ಸೆರಗು ಸುತ್ತಿಕೊಂಡು ಒತ್ತುವ ಹೆಂಗಸು ಮೆಂಬರಬಾಯಿ. ಗೋಡೆಗೆ ಆನಿಸಿದ್ದ ಒಣ ಬಿದಿರು ಕಿತ್ತುಕೊಂಡು, ಪಡಸಾಲೆಯ ಕಟ್ಟೆಯ ಮೇಲೆ ನಿಂತು, ಕಣ್ಣು ಮುಚ್ಚಿ, ಮೇನ್ ಸ್ವಿಚ್ಚಿನ ಹಿಡಿಕೆಗೆ ಹೊಡೆದಳು. ತಪ್ಪಿತು. ಮತ್ತೆ ಹೊಡೆದಳು. ಮಗ್ಗದ ಸದ್ದು ನಿಂತಿತು.

"ಯಾರ್ರೀ ಕರೆಂಟ್ ತಗದಾವರು, ಸೀರಿ ಅಂಚು ಹೋತು," ಎಂದು ಸೊಸೆ ಬೈಯುತ್ತ ಎದ್ದಳು. ಎದ್ದವಳು ಕೆಳಗೆ ನೋಡಿ ಹಾಗೆಯೇ ನಿಂತಳು. ಮೋಟಾರಿನ ಕಾಲು ನೀರಿನಲ್ಲಿತ್ತು. ಅವಳ ಕಾಲೂ.

ಮೆಂಬರಬಾಯಿ ಅಲ್ಲಿ ನಿಲ್ಲಲಿಲ್ಲ. ಬಿದಿರು ಹಿಡಿದೇ ಮನೆ ಮನೆಗೆ ಓಡಿದಳು. "ಮೇನ್ ತಗೀರಿ, ಹಾಸು ಮ್ಯಾಲ ಕಟ್ಟರಿ, ಕೂಸುಗಳನ್ನ ಮಾಳಗಿ ಹತ್ತಸ್ರಿ." ಕೊಡ ಸರಿಸಿದವರ ಬಾಗಿಲನ್ನೂ ಬಡಿದಳು. ನೀರು ಬೀದಿಗೆ ಬಂತು, ಕಟ್ಟೆ ಮುಟ್ಟಿತು, ಎರಡನೆಯ ಮೆಟ್ಟಿಲಿಗೆ ಬಂತು. ಎಲ್ಲರೂ ಮಾಳಿಗೆಯ ಮೇಲೆ ನಿಂತು ಆ ಮೆಟ್ಟಿಲನ್ನೇ ನೋಡುತ್ತಿದ್ದೆವು. ಅಲ್ಲಿಂದ ಮೇಲೇರಲಿಲ್ಲ. ಉಳಿದಿದ್ದ ಅರ್ಧ ಹೊಂಡದ ಕಡೆಗೆ ನೀರು ದೊಡ್ಡ ಸಪ್ಪಳ ಮಾಡುತ್ತ ಇಳಿಯತೊಡಗಿತು.

ಮುಂದಿನ ಮೀಟಿಂಗಿಗೆ ಓಣಿಯೇ ಹೋಗಿ ಪುರಸಭೆಯ ಬಾಗಿಲಲ್ಲಿ ನಿಂತಿತು. ಉಳಿದ ಹೊಂಡ ಉಳಿಯಿತು, ಊರಿನ ನಕ್ಷೆಯಲ್ಲಿ ನೀಲಿ ಬಣ್ಣದಲ್ಲಿ ಕುಳಿತಿತು. ತುಂಬಿದ ಕಡೆ ಅಂಗಡಿಗಳಾದವು, ಈಗಲೂ ಮಳೆ ಬಂದರೆ ಅಂಗಡಿಯವರು ಸಾಮಾನು ಮೇಲಿನ ಹಲಗೆಗೆ ಏರಿಸುತ್ತಾರೆ. ಆಕೆ ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. "ಒಮ್ಮೆ ಅಂಜಿದ್ದು ಸಾಕು," ಎಂದಳು.

ಹೋದ ವರ್ಷ ಜ್ವರ ಬಂದು ಮಲಗಿದವಳು ಏಳಲಿಲ್ಲ. ಸೊಸೆ ನನಗಿಂತ ಹೆಚ್ಚು ಅತ್ತಳು. ಅವಳಿಗೆ ಈಗ ಬೆಳೆದ ಮಗಳಿದ್ದಾಳೆ, ಹೆಬ್ಬೆಟ್ಟಿನ ನನಗೆ ಅಕ್ಷರ ಕಲಿಸಿ, ಫೋನಿನಲ್ಲಿ ಒತ್ತಲು ಕಲಿಸಿದವಳು ಅವಳೇ. ಆ ಮಧ್ಯಾಹ್ನ ಬಿದಿರು ಮತ್ತೊಮ್ಮೆ ತಪ್ಪಿದ್ದರೆ ಈ ಮೊಮ್ಮಗಳು ಹುಟ್ಟುತ್ತಿರಲಿಲ್ಲ.

ಈಗ ಪುರಸಭೆಯವರು ಹೊಂಡವನ್ನು ಚೆಂದ ಮಾಡುತ್ತಾರಂತೆ. ತಳಕ್ಕೆ ಕಾಂಕ್ರೀಟು, ಸುತ್ತ ಫರಸಿ ಕಲ್ಲು, ನಡುವೆ ಕಾರಂಜಿ. ಆಪು ಕೀಳುತ್ತಾರೆ, ಬೇವು ಕಡಿಯುತ್ತಾರೆ. ಬೇಡ ಎನ್ನುವವರು ತಿಳಿಸಿರಿ ಎಂದು ಒಂದು ನಂಬರು ಕೊಟ್ಟಿದ್ದರು. ನಾನು ಅರ್ಧ ದಿನ ಕುಳಿತು ಒತ್ತಿ ಕಳಿಸಿದೆ. ಕೈ ಮುಗಿದ ಚಿತ್ರ ಬಂತು, ಮತ್ತೇನೂ ಬರಲಿಲ್ಲ. ನಾಳೆ ಮೀಟಿಂಗು. ಹೋಗಿ ಎದ್ದು ನಿಂತು ಮಾತಾಡಬೇಕು. ಬೆಳಗಿನಿಂದ ಊಟ ಸೇರುತ್ತಿಲ್ಲ. ಸೊಸೆ ಮಜ್ಜಿಗೆ ಕುಡಿಯಲು ಕೊಟ್ಟಳು. ಕುಡಿದೆ. ಈ ಅಂಜಿಕೆ ಮಜ್ಜಿಗೆಗೆ ಹೋಗುವಂಥದ್ದಲ್ಲ.